ಬರೆಯ ಕೆಳಗಿನ ಮನೆ: ಟಿಹುವಾನದಲ್ಲಿ ಚರ್ಚ್ ತಂಡವೊಂದು ಮೂರು ದಿನದಲ್ಲಿ ಕಟ್ಟಿದ ಮನೆಯ ಪ್ರಕರಣ ಅಧ್ಯಯನ

2018ರ ಮಾರ್ಚ್ ಕೊನೆಯಲ್ಲಿ, ಗರಿಗಳ ಭಾನುವಾರದ ಮರುದಿನ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಾನು ಸದಸ್ಯನಾಗಿರುವ ಚರ್ಚ್‌ನಿಂದ ಇಪ್ಪತ್ತೆರಡು ಜನ ಮೂರು ವ್ಯಾನುಗಳಲ್ಲಿ ಹೊರಟೆವು. ಗಡಿ ದಾಟಿ, ಮೆಕ್ಸಿಕೋದ ಟಿಹುವಾನ ನಗರದ ಪೂರ್ವದ ಅಂಚಿನ ಗುಡ್ಡವೊಂದರ ಮೇಲೆ, ಒಂದು ಕುಟುಂಬಕ್ಕೆ 16 ಅಡಿ ಅಗಲ, 20 ಅಡಿ ಉದ್ದದ ಮನೆಯೊಂದನ್ನು ಮೂರು ದಿನಗಳಲ್ಲಿ ಕಟ್ಟಿಕೊಟ್ಟು ಮರಳಿದೆವು. ತಂಡದಲ್ಲಿ ಹದಿನಾಲ್ಕು ಮಂದಿ ಹೈಸ್ಕೂಲು ವಿದ್ಯಾರ್ಥಿಗಳು, ಎಂಟು ಮಂದಿ ಹಿರಿಯರು. ಹಿರಿಯರಲ್ಲಿ ಸಿವಿಲ್ ಇಂಜಿನಿಯರ್ ನಾನೊಬ್ಬನೇ. ಆ ಮನೆ ಇಂದಿಗೂ ನಿಂತಿದೆ, ಜನ ಅದರಲ್ಲಿ ವಾಸವಾಗಿದ್ದಾರೆ, ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆದರೆ ಅದನ್ನು ಉಳಿಸಿದ್ದು ನಾವು ಹೊರಟುಬಂದ ಮೇಲೆ ಅದರ ಬೆನ್ನಿಗೆ ಬೇರೆಯವರು ಕಟ್ಟಿದ ಒಂದು ತಡೆಗೋಡೆ. ಆ ಗೋಡೆ ನಮ್ಮ ನಕ್ಷೆಯಲ್ಲಿ ಏಕಿರಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಕಂಡದ್ದನ್ನು, ಮುಖ್ಯವಾಗಿ ನನ್ನ ತಪ್ಪನ್ನು, ಇಲ್ಲಿ ಕ್ರಮವಾಗಿ ದಾಖಲಿಸಿದ್ದೇನೆ.

ಒಂದು ಪದವನ್ನು ಮೊದಲೇ ವಿವರಿಸಬೇಕು. ನಾನು ಹುಟ್ಟಿ ಬೆಳೆದದ್ದು ಬಂಟ್ವಾಳ ತಾಲ್ಲೂಕಿನಲ್ಲಿ. ದಕ್ಷಿಣ ಕನ್ನಡದಲ್ಲಿಯೂ ಕೊಡಗಿನಲ್ಲಿಯೂ ಗುಡ್ಡವನ್ನು ಕಡಿದು ಮನೆಗೆ ಜಾಗ ಸಮತಟ್ಟು ಮಾಡಿದಾಗ ಹಿಂದೆ ಉಳಿಯುವ ಲಂಬವಾದ ಮಣ್ಣಿನ ಮುಖವನ್ನು ಬರೆ ಎನ್ನುತ್ತೇವೆ. ಬರೆ ಕುಸಿದು ಮನೆಗೆ ಹಾನಿ ಎಂಬ ಸಾಲು ನಮ್ಮ ಕಡೆಯ ಪತ್ರಿಕೆಗಳಲ್ಲಿ ಪ್ರತಿ ಆಷಾಢದಲ್ಲಿಯೂ ಬರುತ್ತದೆ. ಅಂದರೆ ಈ ಪ್ರಕರಣದ ಕೇಂದ್ರದಲ್ಲಿರುವ ಅಪಾಯ ನನಗೆ ಹೊಸದಾಗಿರಲಿಲ್ಲ. ಅದಕ್ಕೆ ನನ್ನ ಬಾಲ್ಯದ ಭಾಷೆಯಲ್ಲಿ ಹೆಸರೇ ಇತ್ತು.

ಊರು, ನೆಲ, ಕುಟುಂಬ

1950ರಲ್ಲಿ ಟಿಹುವಾನದ ಜನಸಂಖ್ಯೆ ಸುಮಾರು 65,000. 2020ರ ಜನಗಣತಿಯ ಹೊತ್ತಿಗೆ ಅದು 19 ಲಕ್ಷವನ್ನು ದಾಟಿತ್ತು. 1965ರಲ್ಲಿ ಮೆಕ್ಸಿಕೋ ಸರ್ಕಾರ ಗಡಿ ಪ್ರದೇಶದ ಕೈಗಾರಿಕೀಕರಣಕ್ಕೆ ಕಾರ್ಯಕ್ರಮವೊಂದನ್ನು ಆರಂಭಿಸಿತು. ಬಿಡಿಭಾಗಗಳನ್ನು ತೆರಿಗೆಯಿಲ್ಲದೆ ತರಿಸಿ, ಜೋಡಿಸಿ, ಸಿದ್ಧ ವಸ್ತುವನ್ನು ಅಮೆರಿಕಕ್ಕೆ ಕಳುಹಿಸುವ ಕಾರ್ಖಾನೆಗಳು ಸಾಲುಸಾಲಾಗಿ ಬಂದವು. ಇವುಗಳನ್ನು ಅಲ್ಲಿ ಮಾಕಿಲಾದೋರಾ ಎನ್ನುತ್ತಾರೆ. 1994ರಲ್ಲಿ ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಕಾರ್ಖಾನೆಗಳೂ ಹೆಚ್ಚಿದವು, ದಕ್ಷಿಣದ ಬಡ ರಾಜ್ಯಗಳಿಂದ ಕೆಲಸ ಹುಡುಕಿಕೊಂಡು ಬರುವ ಕುಟುಂಬಗಳೂ ಹೆಚ್ಚಿದವು. ಸಮತಟ್ಟಾದ ನೆಲ ಕಾರ್ಖಾನೆಗಳಿಗೆ ಹೋಯಿತು. ಕೆಲಸಗಾರರಿಗೆ ಉಳಿದದ್ದು ಕಣಿವೆಗಳ ಬದಿ ಮತ್ತು ಗುಡ್ಡಗಳ ಇಳಿಜಾರು.

ಮೆಕ್ಸಿಕೋದಲ್ಲಿ ಕಾರ್ಮಿಕರ ವಸತಿಗಾಗಿ 1972ರಿಂದ ಇನ್ಫೋನಾವಿತ್ ಎಂಬ ರಾಷ್ಟ್ರೀಯ ನಿಧಿ ಇದೆ. ಮಾಲೀಕರು ವೇತನದ ಶೇ. 5ರಷ್ಟನ್ನು ಅದಕ್ಕೆ ಕಟ್ಟಬೇಕು. ಆದರೆ ಅದರ ಸಾಲ ಸಿಗಬೇಕಾದರೆ ಆಗ ದಾಖಲೆಯಲ್ಲಿರುವ ಸ್ಥಿರ ಉದ್ಯೋಗ ಬೇಕಿತ್ತು. ನಾವು ಮನೆ ಕಟ್ಟಿಕೊಟ್ಟ ಕುಟುಂಬದಲ್ಲಿ ಗಂಡ ದಿನಗೂಲಿಯ ಕಟ್ಟಡ ಕೆಲಸಗಾರ, ಹೆಂಡತಿ ಕೆಲವು ತಿಂಗಳು ಕಾರ್ಖಾನೆಯಲ್ಲಿ ದುಡಿದು ಕೆಲವು ತಿಂಗಳು ಮನೆಯಲ್ಲಿ ತಮಾಲೆ ಎಂಬ ಮೆಕ್ಕೆಜೋಳದ ಕಡುಬು ಬೇಯಿಸಿ ಮಾರುವವರು. ಮೂವರು ಮಕ್ಕಳು, ಜೊತೆಗೆ ಹೆಂಡತಿಯ ತಾಯಿ. ಅವರೆಲ್ಲ ವಹಾಕಾ ರಾಜ್ಯದ ಮಿಸ್ತೆಕಾ ಪ್ರದೇಶದಿಂದ ಬಂದವರು. ಅಜ್ಜಿಗೆ ಮಿಸ್ತೆಕೊ ಭಾಷೆ ಬಿಟ್ಟರೆ ಸ್ಪ್ಯಾನಿಷ್ ಅಷ್ಟಾಗಿ ಬರುತ್ತಿರಲಿಲ್ಲ. ನಾವು ಹೋಗುವ ಮೊದಲು ಅವರ ವಾಸ ಒಂದು ಶೆಡ್ಡಿನಲ್ಲಿ. ಅದರ ಎರಡು ಗೋಡೆಗಳು ಸ್ಯಾನ್ ಡಿಯಾಗೋದ ಯಾವುದೋ ಮನೆಯಿಂದ ಕಳಚಿ ತಂದ ಗ್ಯಾರೇಜು ಬಾಗಿಲುಗಳು. ಟಿಹುವಾನದಲ್ಲಿ ಹಳೆಯ ಗ್ಯಾರೇಜು ಬಾಗಿಲಿಗೆ ಗೋಡೆಯಾಗಿಯೇ ಮಾರುಕಟ್ಟೆಯಿದೆ.

ಅವರು ಕಂತಿನಲ್ಲಿ ಕೊಂಡಿದ್ದ ನಿವೇಶನ ಮೂಲತಃ ಎಹಿದೋ ಜಮೀನು, ಅಂದರೆ 1917ರ ಸಂವಿಧಾನದ 27ನೇ ವಿಧಿಯಡಿ ರೈತ ಸಮುದಾಯಕ್ಕೆ ಸಾಮೂಹಿಕವಾಗಿ ಹಂಚಿದ್ದ ನೆಲ. 1992ರ ತಿದ್ದುಪಡಿಯ ನಂತರ ಇಂಥ ನೆಲವನ್ನು ವಿಧಿಪೂರ್ವಕವಾಗಿ ಖಾಸಗಿ ಒಡೆತನಕ್ಕೆ ತರಲು ದಾರಿಯಿದೆ, ಆದರೆ ಆ ದಾರಿ ಉದ್ದವಾದದ್ದು. ಅದು ಮುಗಿಯುವ ಮೊದಲೇ ಗುಡ್ಡವನ್ನು ತುಂಡುತುಂಡಾಗಿ ಗೀರಿ ಮಾರುವವರು ಬಹಳ. ಕುಟುಂಬದ ಕೈಯಲ್ಲಿದ್ದದ್ದು ಮಾರಾಟಗಾರನೊಂದಿಗಿನ ಒಂದು ಖಾಸಗಿ ಕರಾರು ಮತ್ತು ಕಂತು ಕಟ್ಟಿದ ರಸೀದಿಗಳ ಕಟ್ಟು. ಹಕ್ಕುಪತ್ರ ಸಿಗದೆ, ತಲೆಮಾರಿನಿಂದ ವಾಸವಿದ್ದ ಮನೆಯನ್ನು ಭೂ ಕಂದಾಯ ಕಾಯ್ದೆಯ 94ಸಿ ಅಡಿ ಸಕ್ರಮ ಮಾಡಿಸಲು ತಾಲ್ಲೂಕು ಕಚೇರಿಗೆ ಅಲೆದವರನ್ನು ಕಂಡಿರುವ ಯಾವ ಕನ್ನಡಿಗನಿಗೂ ಆ ರಸೀದಿಗಳ ಕಟ್ಟಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಡಿಗೆ ಇಷ್ಟು ಹತ್ತಿರವಿರುವ ಕಾರಣ ಟಿಹುವಾನ ಅಮೆರಿಕದ ಚರ್ಚ್‌ಗಳ ಮನೆ ಕಟ್ಟುವ ಯಾತ್ರೆಗಳಿಗೆ ದಶಕಗಳಿಂದ ಗುರಿಯಾಗಿದೆ. ವಿಮಾನದ ಟಿಕೆಟ್ಟು ಬೇಡ, ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಸುತ್ತಿಗೆ ಹಿಡಿಯಬಹುದು. 1990ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಹೆಸರಿನ ವಾರ್ಷಿಕ ಶ್ರಮದಾನದಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸಂಸ್ಥೆ ಇಲ್ಲಿಯೇ ಒಂದು ವಾರದಲ್ಲಿ 100 ಮನೆಗಳನ್ನು ಕಟ್ಟಿತ್ತು. 2006ರಲ್ಲಿ ಅದೇ ಕಾರ್ಯಕ್ರಮ ಮಹಾರಾಷ್ಟ್ರದ ಲೋನಾವಳದ ಬಳಿಗೂ ಬಂದಿತ್ತು. ನಮ್ಮ ಚರ್ಚ್ ಅಂಥ ದೊಡ್ಡ ಸಂಸ್ಥೆಗಳ ಮೂಲಕ ಹೋಗದೆ, ಟಿಹುವಾನದ ಒಂದು ಸಣ್ಣ ಸ್ಥಳೀಯ ಚರ್ಚ್‌ನ ಸಹಕಾರದಿಂದ ಕೆಲಸ ಮಾಡುತ್ತಿತ್ತು. ಕುಟುಂಬವನ್ನು ಆರಿಸುವುದು ಅವರು. ಹಣ, ನಕ್ಷೆ, ಜನ ನಮ್ಮದು.

ಮೂರು ದಿನಗಳ ಕೆಲಸ

ಮನೆಯ ವಿನ್ಯಾಸ ಸರಳವಾಗಿತ್ತು: ಕಾಂಕ್ರೀಟಿನ ನೆಲಹಾಸು, ಎರಡು ಇಂಚು ನಾಲ್ಕು ಇಂಚಿನ ಮರದ ಕಂಬಗಳ ಚೌಕಟ್ಟು, ಹೊರಗೆ ಡಾಂಬರು ಕಾಗದ, ಅದರ ಮೇಲೆ ಕೋಳಿಗೂಡಿಗೆ ಬಳಸುವ ತಂತಿಬಲೆ, ಅದಕ್ಕೆ ಎರಡು ಪದರ ಸಿಮೆಂಟು ಗಿಲಾವು, ಪ್ಲೈವುಡ್ ಮಾಡು, ಒಂದು ಬಾಗಿಲು, ಮೂರು ಕಿಟಕಿ. ಎಂದೂ ಗರಗಸ ಹಿಡಿಯದವರೂ ಮಾಡಬಹುದಾದಂತೆ ಪ್ರತಿ ತುಂಡಿನ ಅಳತೆಯನ್ನು ಕಾಗದದಲ್ಲಿ ಬರೆದಿಡಲಾಗಿತ್ತು. ಮೊದಲ ದಿನ ಚೌಕಟ್ಟು ಮತ್ತು ಮಾಡು, ಎರಡನೆಯ ದಿನ ಕಾಗದ, ಬಲೆ, ಮೊದಲ ಪದರ, ಮೂರನೆಯ ದಿನ ಎರಡನೆಯ ಪದರ, ಬಾಗಿಲು, ಕಿಟಕಿ, ಸಂಜೆ ಪ್ರಾರ್ಥನೆ ಮತ್ತು ಬೀಗದ ಕೈ ಒಪ್ಪಿಸುವುದು.

ನಾವು ಹೋದಾಗ ನೆಲಹಾಸು ಸಿದ್ಧವಾಗಿತ್ತು. ಅದನ್ನು ಯಾರು ಹಾಕಿದರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಸ್ಥಳೀಯ ಚರ್ಚ್‌ನ ಮೇಸ್ತ್ರಿಯೊಬ್ಬರು, ಇಬ್ಬರು ಸಹಾಯಕರೊಂದಿಗೆ, ಗುಡ್ಡವನ್ನು ಗುದ್ದಲಿಯಿಂದ ಕಡಿದು ಸಮತಟ್ಟು ಮಾಡಿ, ನೀರಿನ ಲಾರಿ ಆ ಕಡಿದಾದ ಏರಿಗೆ ಹತ್ತದ ಕಾರಣ ಕೆಳಗಿನಿಂದ ಬಕೆಟ್ಟುಗಳಲ್ಲಿ ನೀರು ಹೊತ್ತು, ನೆಲದ ಮೇಲೆಯೇ ಕಾಂಕ್ರೀಟು ಕಲಸಿ, ಹತ್ತು ದಿನ ಮುಂಚೆಯೇ ಹಾಕಿ ಮುಗಿಸಿದ್ದರು. ನಾವು ಮರಳಿದ ಮೇಲೆ ಅದೇ ಮೂವರು ಬಂದು ಹುಡುಗರು ಅಂಟಿಸಿದ್ದ ಗಿಲಾವಿನ ಏರುತಗ್ಗುಗಳನ್ನು ಕೆರೆದು, ಸಡಿಲಿದ್ದ ಕಡೆ ಕಿತ್ತು, ಪುನಃ ಸಾರಿಸಿದರೆಂಬುದು ನನಗೆ ತಿಳಿದದ್ದು ನಾಲ್ಕು ವರ್ಷಗಳ ನಂತರ. ನಮ್ಮ ಚರ್ಚ್‌ನ ವರದಿಯಲ್ಲಿ ಮನೆ ಕಟ್ಟಲು ತಗುಲಿದ ಕಾಲ ಮೂರು ದಿನ ಎಂದೇ ಇತ್ತು. ಸುತ್ತಮುತ್ತಲಿನವರು ಆ ಮೇಸ್ತ್ರಿಯನ್ನು ಮಾಯೆಸ್ತ್ರೊ ಎಂದು ಕರೆಯುತ್ತಿದ್ದರು. ಗುರುವಿಗೂ ಮೇಸ್ತ್ರಿಗೂ ಸ್ಪ್ಯಾನಿಷಿನಲ್ಲಿ ಅದೊಂದೇ ಪದ. ನಮ್ಮ ಮೇಸ್ತ್ರಿ ಎಂಬ ಪದವೂ ಪೋರ್ಚುಗೀಸರಿಂದ ಬಂದ ಅದರ ಒಡಹುಟ್ಟೇ ಆದುದರಿಂದ, ಮೊದಲ ಸಲ ಕೇಳಿದಾಗ ನನಗೆ ಊರಿನ ನೆನಪಾಯಿತು.

ಈಗ ಬರೆಯ ವಿಷಯ. ನೆಲಹಾಸಿನ ಹಿಂಬದಿಯ ಅಂಚಿನಿಂದ ನಾಲ್ಕು ಅಡಿ ದೂರದಲ್ಲಿ ಸುಮಾರು ಎಂಟು ಅಡಿ ಎತ್ತರದ ಬರೆ ನೆಟ್ಟಗೆ ನಿಂತಿತ್ತು. ಟಿಹುವಾನದ ಗುಡ್ಡಗಳ ಮಣ್ಣು ಬಹಳ ಕಡೆ ಮರಳುಮಯ, ನಡುನಡುವೆ ಉರುಟು ಕಲ್ಲುಗಳು ಸಿಕ್ಕಿಕೊಂಡಿರುವ, ಸಡಿಲ ಬಂಧದ ಮಣ್ಣು. ಒಣಗಿರುವಾಗ ಕತ್ತರಿಸಿದ ಬೆಣ್ಣೆಯಂತೆ ನೇರವಾಗಿ ನಿಲ್ಲುತ್ತದೆ. ನೀರು ಒಳಗಿಳಿದರೆ ಕಣಗಳ ನಡುವಿನ ಹಿಡಿತ ತಪ್ಪಿ, ಕಲ್ಲುಗಳ ಸಮೇತ ಒಮ್ಮೆಲೇ ಜಾರುತ್ತದೆ. ಆ ನಗರದಲ್ಲಿ ವರ್ಷಕ್ಕೆ ಸುರಿಯುವ ಮಳೆ 250 ಮಿಲಿಮೀಟರಿನ ಆಸುಪಾಸು, ನಮ್ಮ ಬಂಟ್ವಾಳದ ಮಳೆಯ ಹದಿನೈದರಲ್ಲಿ ಒಂದು ಭಾಗದಷ್ಟು. ಆದರೆ ಅದು ಚಳಿಗಾಲದ ಕೆಲವೇ ದಿನಗಳಲ್ಲಿ, ಹುಲ್ಲಿನ ಹೊದಿಕೆಯೂ ಇಲ್ಲದ ಬೋಳು ಇಳಿಜಾರಿನ ಮೇಲೆ ಬೀಳುತ್ತದೆ. 1993ರ ಜನವರಿಯ ಮಳೆಗೆ ಟಿಹುವಾನದ ಕಣಿವೆಗಳಲ್ಲಿ ಹಲವಾರು ಮಂದಿ ಪ್ರಾಣ ಕಳೆದುಕೊಂಡಿದ್ದರು.

ನಾನು ಆ ಬರೆಯನ್ನು ನೋಡಿದ್ದೆ. ನೋಡಿಯೂ ಸುಮ್ಮನಿದ್ದೆ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಕ್ಯಾಲಿಫೋರ್ನಿಯಾದಲ್ಲಿ ನನ್ನ ಮೇಜಿಗೆ ಇಂಥ ನಕ್ಷೆ ಬಂದಿದ್ದರೆ ಇಳಿಜಾರಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಅಂತರ ಎಲ್ಲಿದೆ, ತಡೆಗೋಡೆಯ ಲೆಕ್ಕ ಎಲ್ಲಿದೆ ಎಂದು ಕೇಳಿ ಹಿಂದಿರುಗಿಸುತ್ತಿದ್ದೆ. ಅಂದು ಕೇಳದಿದ್ದುದಕ್ಕೆ ಅಜ್ಞಾನ ಕಾರಣವಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಹದಿನಾಲ್ಕು ಮಕ್ಕಳು ಕೈಗವಸು ತೊಟ್ಟು ಸಿದ್ಧರಾಗಿದ್ದರು, ಮರದ ತುಂಡುಗಳು ಇಳಿದಿದ್ದವು, ನಮ್ಮಲ್ಲಿದ್ದದ್ದು ಮೂರೇ ದಿನ. ಆ ಹೊತ್ತಿನಲ್ಲಿ ಈ ಜಾಗ ಸರಿಯಿಲ್ಲ ಎಂದೋ, ಮೊದಲು ಗೋಡೆ ಕಟ್ಟಬೇಕು ಎಂದೋ ಹೇಳಿದ್ದರೆ, ಒಂದು ವರ್ಷದಿಂದ ಹಣ ಕೂಡಿಸಿ ಬಂದ ತಂಡಕ್ಕೆ ಮಾಡಲು ಕೆಲಸವೇ ಇರುತ್ತಿರಲಿಲ್ಲ. ಪ್ರಶ್ನೆ ಕೇಳುವುದು ದುಬಾರಿಯಾಗುವಂತೆ ನಮ್ಮ ವೇಳಾಪಟ್ಟಿ ರೂಪುಗೊಂಡಿತ್ತು. ಆ ವೇಳಾಪಟ್ಟಿಯನ್ನು ರೂಪಿಸಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಘಟನೆ ಮೊದಲ ದಿನದ ಮಧ್ಯಾಹ್ನ ನಡೆಯಿತು. ಊಟದ ಬಿಡುವಿನಲ್ಲಿ ಅಜ್ಜಿ ನನ್ನ ಹತ್ತಿರ ಬಂದು ಬರೆಯ ಕಡೆ ಕೈ ತೋರಿಸಿ ಮಿಸ್ತೆಕೊ ಭಾಷೆಯಲ್ಲಿ ಏನೋ ಹೇಳಿದರು. ಮಗಳು ಅದನ್ನು ಸ್ಪ್ಯಾನಿಷಿಗೆ ತಂದರು, ನಮ್ಮ ತಂಡದ ಯುವಕನೊಬ್ಬ ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ತಂದ. ನನಗೆ ತಲುಪಿದ ಮಾತು, ಅವರ ಊರಿನಲ್ಲಿಯೂ ಇಂಥದೇ ಗುಡ್ಡಗಳಿವೆಯಂತೆ ಎಂದು. ನಾನು ಸಂತೋಷದಿಂದ, ನಮ್ಮೂರಿನಲ್ಲಿಯೂ ಹೀಗೆಯೇ ಗುಡ್ಡಗಳಿವೆ ಎಂದು ಹೇಳಿ ಕಳುಹಿಸಿದೆ. ಅವರು ತುಸು ಹೊತ್ತು ನನ್ನ ಮುಖವನ್ನೇ ನೋಡಿ ಒಳಗೆ ಹೋದರು. ಅವರು ನಿಜವಾಗಿ ಹೇಳಿದ್ದೇನು ಎಂಬುದು ಮಗಳಿಂದ ನನಗೆ ತಿಳಿದದ್ದು 2022ರಲ್ಲಿ: ನಮ್ಮೂರಿನಲ್ಲಿ ಇಂಥ ಗುಡ್ಡಗಳು ಮಳೆಗೆ ಮನೆಯೊಳಗೆ ಬರುತ್ತವೆ. ಮಿಸ್ತೆಕಾ ಪ್ರದೇಶ ಮೆಕ್ಸಿಕೋದಲ್ಲಿಯೇ ಅತ್ಯಂತ ಹೆಚ್ಚು ಮಣ್ಣಿನ ಸವಕಳಿಗೆ ತುತ್ತಾದ ನೆಲಗಳಲ್ಲಿ ಒಂದು. ಅಲ್ಲಿ ವ್ಯವಸಾಯ ಮಾಡಿ, ಮಣ್ಣು ಉಳಿಯದೆ ಊರು ಬಿಟ್ಟು ಬಂದವರು ಅವರು. ಆ ದಿನ ಆ ನಿವೇಶನದಲ್ಲಿದ್ದ ಎಲ್ಲರಿಗಿಂತ ಬರೆಯನ್ನು ಹೆಚ್ಚು ಬಲ್ಲವರು ನನ್ನೆದುರು ಬಂದು ಎಚ್ಚರಿಸಿದ್ದರು, ಮತ್ತು ನಾನು ಅದನ್ನು ಊರಿನ ನೆನಪಿನ ಮಾತೆಂದು ಕೇಳಿಸಿಕೊಂಡೆ. ಅನುವಾದ ಮಾಡಿದ ಯುವಕನನ್ನು ನಾನು ದೂರುವುದಿಲ್ಲ. ಉಡುಗೊರೆ ಕೊಡಲು ಬಂದ ಅತಿಥಿಗಳಿಗೆ ಉಡುಗೊರೆಯ ದೋಷವನ್ನು ನೇರವಾಗಿ ಹೇಳಲು ಮಗಳಿಗೇ ಸಂಕೋಚವಾಗಿ, ಮಾತನ್ನು ಅವರು ಮೆತ್ತಗೆ ಮಾಡಿದ್ದರು.

ಆಗಸ್ಟ್‌ನಿಂದ ಫೆಬ್ರವರಿಯವರೆಗೆ

2018ರ ಆಗಸ್ಟ್ ನಡುವಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಮದೆನಾಡು, ಜೋಡುಪಾಲ ಎಂಬ ಹೆಸರುಗಳನ್ನು ನಾನು ದಿನವೂ ಫೋನಿನಲ್ಲಿ ಓದುತ್ತಿದ್ದೆ. ಸಂಪಾಜೆಯ ಕಡೆ ನಮ್ಮ ಸಂಬಂಧಿಕರಿದ್ದಾರೆ. ಅತಿವೃಷ್ಟಿಯ ಜೊತೆಗೆ, ಮನೆಗೂ ರಸ್ತೆಗೂ ಇಳಿಜಾರನ್ನು ಲಂಬವಾಗಿ ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಆ ಕುಸಿತಗಳಿಗೆ ಕಾರಣವೆಂದು ಗುರುತಿಸಿತು. ಒಂದು ರಾತ್ರಿ, ಬರೆಯೊಂದು ಹಿಂಗೋಡೆಯನ್ನು ಒಡೆದು ಅಡುಗೆಮನೆಯೊಳಗೆ ಹೊಕ್ಕಿದ್ದ ಚಿತ್ರವನ್ನು ನೋಡುತ್ತಿದ್ದಾಗ, ನನಗೆ ಟಿಹುವಾನದ ಆ ನಾಲ್ಕು ಅಡಿ ಜಾಗ ಕಣ್ಣಿಗೆ ಕಟ್ಟಿತು. ಮಾರ್ಚ್‌ನಲ್ಲಿ ತೆಗೆದ ನಮ್ಮ ತಂಡದ ಗುಂಪುಚಿತ್ರವನ್ನು ತೆರೆದು ನೋಡಿದೆ. ಎಲ್ಲರೂ ನಗುತ್ತಿದ್ದೇವೆ, ಎಲ್ಲರ ತಲೆಯ ಮೇಲೆ ಆ ಮಣ್ಣಿನ ಮುಖ ಇಡೀ ಚಿತ್ರದ ಅಗಲಕ್ಕೂ ಹರಡಿಕೊಂಡಿದೆ.

ಮರುದಿನ ಸ್ಥಳೀಯ ಚರ್ಚ್‌ನ ಪಾಸ್ಟರ್‌ಗೆ ಬರೆದೆ. ಅವರು ಒಂದೇ ಚಿತ್ರದಲ್ಲಿ ಉತ್ತರ ಕೊಟ್ಟರು. ಮೇಸ್ತ್ರಿಯೂ ಮನೆಯ ಯಜಮಾನರೂ ಜೂನ್‌ನಿಂದಲೇ ಭಾನುವಾರಗಳಲ್ಲಿ ಹಳೆಯ ಟಯರುಗಳ ಗೋಡೆ ಕಟ್ಟಲು ತೊಡಗಿದ್ದರು. ಟಿಹುವಾನದಲ್ಲಿ ಇದು ಎಲ್ಲೆಲ್ಲೂ ಕಾಣುವ ವಿಧಾನ: ಅಮೆರಿಕದಲ್ಲಿ ಬಳಸಿ ಗಡಿ ದಾಟಿ ಬಂದ ಟಯರುಗಳನ್ನು ಸಾಲಾಗಿ ಮಲಗಿಸಿ, ಒಳಗೆ ಮಣ್ಣು ತುಂಬಿ ಗುದ್ದಿ, ಮೇಲಿನ ಸಾಲನ್ನು ಸ್ವಲ್ಪ ಸ್ವಲ್ಪವೇ ಗುಡ್ಡದ ಕಡೆ ಸರಿಸುತ್ತ ಮೆಟ್ಟಿಲಿನಂತೆ ಏರಿಸುತ್ತಾರೆ. ಟಯರುಗಳ ಸಂದಿನಿಂದ ನೀರು ಹೊರಬರುವುದರಿಂದ ಹಿಂದಿನ ಮಣ್ಣಿನಲ್ಲಿ ಒತ್ತಡ ಕಟ್ಟಿಕೊಳ್ಳುವುದು ಕಡಿಮೆ. ಎಲ್ಲ ಕಡೆಯೂ ಇದು ಸರಿಯಾದ ಉತ್ತರವೆಂದು ನಾನು ಹೇಳಲಾರೆ. ತಳ ಗಟ್ಟಿಯಿರದ ಕಡೆ, ತೀರ ಎತ್ತರಕ್ಕೆ ಏರಿಸಿದ ಕಡೆ ಟಯರು ಗೋಡೆಗಳೂ ಮಗುಚುತ್ತವೆ. ಎಂಟು ಅಡಿಯ ಆ ಬರೆಗೆ, ಆ ಕೈಗಳಿಗೆ, ಆ ಹಣಕ್ಕೆ ಅದು ಯೋಗ್ಯವಾದ ಕಟ್ಟಡವಾಗಿತ್ತು. ಮೇಲಿನಿಂದ ಇಳಿಯುವ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆಯೊಂದನ್ನು ಸೇರಿಸುವಂತೆ ನಾನು ಒಂದು ರೇಖಾಚಿತ್ರ ಕಳುಹಿಸಿದೆ. ಅದು ಈ ಗೋಡೆಗೆ ನನ್ನ ಒಟ್ಟು ಕೊಡುಗೆ.

2019ರ ಫೆಬ್ರವರಿಯಲ್ಲಿ ಗಡಿಯ ಎರಡೂ ಬದಿಗಳಲ್ಲಿ ಜೋರಾಗಿ ಮಳೆ ಸುರಿಯಿತು. ಗೋಡೆಯ ಮೇಲ್ತುದಿಯಿಂದ ಒಂದಷ್ಟು ಮಣ್ಣು ಹಾರಿ ನಮ್ಮ ಮನೆಯ ಹಿಂಬದಿಗೆ ಬಡಿಯಿತು. ಗಿಲಾವು ಬಿರುಕು ಬಿಟ್ಟು ಒಂದು ಕಡೆ ಉದುರಿತು. ಮರದ ಚೌಕಟ್ಟಿಗೆ ಏನೂ ಆಗಲಿಲ್ಲ. ಗೋಡೆಯಿಲ್ಲದೆ ಇಡೀ ಬರೆ ಇಳಿದಿದ್ದರೆ ಆ ಕೋಳಿಬಲೆಯ ಗಿಲಾವು ಅದನ್ನು ತಡೆಯುತ್ತಿರಲಿಲ್ಲ. ಮನೆಯ ಆ ಹಿಂಗೋಡೆಗೆ ತಾಗಿಯೇ ಮೂವರು ಮಕ್ಕಳ ಹಾಸಿಗೆ ಇತ್ತು.

ಹಣದ ಲೆಕ್ಕ, ಚರ್ಚ್‌ನ ಚರ್ಚೆ

ಮಳೆಯ ಸುದ್ದಿ ತಲುಪಿದ ಮೇಲೆ ನಾನು ಚರ್ಚ್‌ನ ಸೇವಾ ಸಮಿತಿಯ ಮುಂದೆ ಈ ಎಲ್ಲವನ್ನೂ ಹೇಳಿ, ಹಿಂದಿನ ವರ್ಷದ ಖರ್ಚಿನ ಪುಸ್ತಕವನ್ನು ನೋಡಲು ಕೇಳಿದೆ. ನಾವು ಕೂಡಿಸಿದ್ದ ಹಣದಲ್ಲಿ ಮನೆಯ ಸಾಮಗ್ರಿಗೆ ಹೋದದ್ದು ಅರ್ಧಕ್ಕಿಂತ ಕಡಿಮೆ. ಉಳಿದದ್ದು ವ್ಯಾನಿನ ಬಾಡಿಗೆ, ವಿಮೆ, ಊಟ, ವಸತಿ, ಒಂದೇ ಬಣ್ಣದ ಅಂಗಿಗಳು. ಮೇಸ್ತ್ರಿ ಮತ್ತು ಸಹಾಯಕರ ಕೂಲಿಗೆ ಪುಸ್ತಕದಲ್ಲಿ ಪ್ರತ್ಯೇಕ ಸಾಲೇ ಇರಲಿಲ್ಲ. ಇತರೆ ಎಂಬ ಶೀರ್ಷಿಕೆಯ ಕೆಳಗೆ ಅದು ಅಡಗಿತ್ತು. ತಡೆಗೋಡೆಗೆ ನಾವು ಕೊಟ್ಟದ್ದು ಏನೂ ಇಲ್ಲ.

ಸಮಿತಿಯ ಸದಸ್ಯರೊಬ್ಬರು ಈ ಸಂದರ್ಭದಲ್ಲಿ ಹೊಂಡುರಾಸ್‌ನ ಅಧ್ಯಯನವೊಂದನ್ನು ಎಲ್ಲರ ಗಮನಕ್ಕೆ ತಂದರು. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಚಂಡಮಾರುತ ಆ ದೇಶದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ಉತ್ತರ ಅಮೆರಿಕದ ಚರ್ಚ್ ತಂಡಗಳು ಅಲ್ಲಿಗೆ ಮನೆ ಕಟ್ಟಲು ಹೋಗಿದ್ದವು. ಹೊಂಡುರಾಸ್‌ನಲ್ಲಿಯೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್, ಆ ತಂಡಗಳಿಂದ ಮನೆ ಪಡೆದವರನ್ನೂ ಸ್ಥಳೀಯ ಕ್ರೈಸ್ತ ಸಂಸ್ಥೆಗಳ ಮೂಲಕ ಮನೆ ಪಡೆದವರನ್ನೂ ಮಾತನಾಡಿಸಿ, ಮನೆ ಕಟ್ಟಿ ಮರಳಿದ 127 ಮಂದಿಯಿಂದ ಉತ್ತರಗಳನ್ನು ಸಂಗ್ರಹಿಸಿ 2006ರಲ್ಲಿ ಪ್ರಕಟಿಸಿದರು. ಪ್ರಯಾಣದ ವೆಚ್ಚ ಸೇರಿದರೆ ವಿದೇಶಿ ತಂಡ ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್. ಸ್ಥಳೀಯವಾಗಿ ಕಟ್ಟಿಸಿದ ಮನೆಗೆ ಸುಮಾರು 2,000 ಡಾಲರ್. ಮನೆ ಪಡೆದ ಕುಟುಂಬಗಳ ಬದುಕಿನಲ್ಲಿ, ಮನೆಯನ್ನು ಯಾರು ಕಟ್ಟಿದರು ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಬದುಕಿನಲ್ಲಿಯೂ ಅವರು ನಿರೀಕ್ಷಿಸಿದಷ್ಟು ಬಾಳಿಕೆಯ ಬದಲಾವಣೆ ಕಾಣಲಿಲ್ಲ. ಟಿಹುವಾನ ನಮಗೆ ವ್ಯಾನಿನ ದಾರಿಯಾದುದರಿಂದ ನಮ್ಮ ಅನುಪಾತ ಹೊಂಡುರಾಸ್‌ನಷ್ಟು ಕೆಟ್ಟದಾಗಿರಲಿಲ್ಲ, ಆದರೆ ತಕ್ಕಡಿ ವಾಲಿದ್ದು ಅದೇ ಕಡೆಗೆ.

ಯಾತ್ರೆಯನ್ನು ನಿಲ್ಲಿಸಬಾರದು ಎಂದವರ ಮಾತಿನಲ್ಲಿಯೂ ಹುರುಳಿತ್ತು, ಅದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. ಯಾತ್ರೆಯ ಹೆಸರಿನಲ್ಲಿ ಕೂಡುವ ಹಣ, ಮನೆಯಲ್ಲಿ ಕುಳಿತು ಕಳುಹಿಸೋಣ ಎಂದರೆ ಕೂಡುವುದಿಲ್ಲ ಎಂದು ಖಜಾಂಚಿ ಹೇಳಿದರು. ಹಲವು ವರ್ಷದ ಪುಸ್ತಕಗಳು ಅವರ ಮಾತನ್ನೇ ಸಮರ್ಥಿಸುತ್ತಿದ್ದವು. ಮಗಳೊಬ್ಬಳು ಆ ವಾರದ ನಂತರ ಸ್ಪ್ಯಾನಿಷನ್ನು ಶ್ರದ್ಧೆಯಿಂದ ಕಲಿತು ವಲಸಿಗರ ಕಾನೂನು ನೆರವಿನ ಕಚೇರಿಯಲ್ಲಿ ಸೇವೆಗೆ ಸೇರಿದ್ದನ್ನು ತಾಯಿಯೊಬ್ಬರು ನೆನಪಿಸಿದರು. ಗಡಿಯ ಆಚೆಗಿನವರ ಬಗ್ಗೆ ದೇಶದಲ್ಲಿ ಕೇಳಿಬರುತ್ತಿದ್ದ ಕಠೋರ ಮಾತುಗಳ ನಡುವೆ, ಅವರ ಅಂಗಳದಲ್ಲಿ ಕುಳಿತು ಅವರ ಕೈಯ ಊಟ ಮಾಡಿದ ಹದಿನಾಲ್ಕು ಮಕ್ಕಳು ನಮ್ಮಲ್ಲಿ ಇದ್ದಾರೆಂಬುದು ನನಗೂ ಸಣ್ಣ ಸಂಗತಿಯೆಂದು ತೋರಲಿಲ್ಲ.

ನನ್ನ ಸರದಿ ಬಂದಾಗ ನಾನು ಹಂಚಿನ ಮಾತು ಹೇಳಿದೆ. ಬಂಟ್ವಾಳದ ನಮ್ಮ ಮನೆಯ ಮಾಡಿನ ಹಂಚು 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯ ಪರಂಪರೆಯದು. ಅವರೂ ಹೊರದೇಶದಿಂದ ಬಂದ ಧರ್ಮಪ್ರಚಾರಕರೇ, ಅವರ ಎಲ್ಲ ನಡೆಗಳನ್ನೂ ನಾನು ಒಪ್ಪುವವನಲ್ಲ. ಆದರೆ ಅವರು ಊರಿನಲ್ಲಿ ನೆಲೆಸಿ, ಅಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸಿ, ಅಲ್ಲಿನ ಮಳೆಗೆ ಹೊಂದುವ ಹಂಚನ್ನು ಅಲ್ಲಿನ ಕೆಲಸಗಾರರ ಕೈಯಿಂದಲೇ ಮಾಡಿಸಿದ್ದರಿಂದ ಆ ಕಸುಬು ಊರಿನ ಕಸುಬಾಗಿ ಉಳಿಯಿತು. ಟಿಹುವಾನದ ಮಣ್ಣನ್ನು ಬಲ್ಲ ಮೇಸ್ತ್ರಿ ನಮಗೆ ಸಿಕ್ಕಿದ್ದಾರೆ. ಅವರನ್ನು ಇತರೆ ಎಂಬ ಸಾಲಿನಿಂದ ಮೇಲೆತ್ತಿ, ಮೊದಲ ಸಾಲಿನಲ್ಲಿ ಬರೆಯೋಣ ಎಂಬುದು ನನ್ನ ಪ್ರಸ್ತಾಪವಾಗಿತ್ತು. ಎರಡು ಸಭೆಗಳ ನಂತರ ಸಮಿತಿ ನಡುವಿನ ದಾರಿ ಹಿಡಿಯಿತು: ಯಾತ್ರೆ ಇರುತ್ತದೆ, ತಂಡ ಚಿಕ್ಕದಾಗುತ್ತದೆ, ಜಾಗದ ಆಯ್ಕೆ ಮತ್ತು ಕೆಲಸದ ಕ್ರಮವನ್ನು ಮೇಸ್ತ್ರಿ ನಿರ್ಧರಿಸುತ್ತಾರೆ, ಬರೆಯಿರುವ ಕಡೆ ತಡೆಗೋಡೆ ಮುಗಿಯದೆ ಮನೆಯ ಸಾಮಗ್ರಿ ಇಳಿಯುವುದಿಲ್ಲ.

ಗಡಿ ಮುಚ್ಚಿದ ಕಾಲ

ಈ ವ್ಯವಸ್ಥೆಯಲ್ಲಿ ಮೊದಲ ತಂಡ 2020ರ ಏಪ್ರಿಲ್‌ನಲ್ಲಿ ಹೋಗಬೇಕಿತ್ತು. ಮಾರ್ಚ್ 21ರಂದು ಕೊರೊನಾ ಕಾರಣದಿಂದ ಅಮೆರಿಕ ಮತ್ತು ಮೆಕ್ಸಿಕೋ ನಡುವಿನ ರಸ್ತೆ ಗಡಿಯಲ್ಲಿ ಅನಿವಾರ್ಯವಲ್ಲದ ಸಂಚಾರಕ್ಕೆ ನಿರ್ಬಂಧ ಬಂದಿತು. ಅದು ಸಡಿಲವಾದದ್ದು 2021ರ ನವೆಂಬರ್ 8ರಂದು. ಆಗಲೇ ಕೂಡಿದ್ದ ಹಣವನ್ನು ದಾನಿಗಳಿಗೆ ಹಿಂದಿರುಗಿಸುವ ಬದಲು ಅವರ ಒಪ್ಪಿಗೆ ಪಡೆದು ಪೂರ್ತಿಯಾಗಿ ಟಿಹುವಾನಕ್ಕೆ ಕಳುಹಿಸಿದೆವು. ನಾವು ಯಾರೂ ಹೋಗದೆ ಅದೇ ಹಣದಲ್ಲಿ ಎರಡು ಮನೆಗಳೂ ಮೂರು ತಡೆಗೋಡೆಗಳೂ ಎದ್ದವು. ಮೂರು ಗೋಡೆಗಳಲ್ಲಿ ಎರಡನ್ನು ಕಟ್ಟಿದ್ದು, ಹಿಂದಿನ ವರ್ಷಗಳಲ್ಲಿ ನಮ್ಮಂಥದೇ ತಂಡಗಳು ಕಟ್ಟಿಕೊಟ್ಟು ಹೋಗಿದ್ದ ಮನೆಗಳ ಹಿಂದೆ. ಕಾರ್ಖಾನೆಗಳು ಬಾಗಿಲು ಹಾಕಿದ್ದ ತಿಂಗಳುಗಳಲ್ಲಿ ಆರು ಮಂದಿಗೆ ಕೂಲಿ ಸಿಕ್ಕಿತು, ಅವರಲ್ಲಿ ನಮ್ಮ ಪ್ರಕರಣದ ಮನೆಯ ಯಜಮಾನರೂ ಒಬ್ಬರು. ಹಣವೊಂದನ್ನೇ ಕಳುಹಿಸಿದರೆ ಏನಾಗುತ್ತದೆ ಎಂದು ಸಮಿತಿಯಲ್ಲಿ ನಾವು ಎರಡು ಸಭೆ ವಾದಿಸಿದ್ದ ಪ್ರಶ್ನೆಗೆ ಉತ್ತರ ಹೀಗೆ, ಯಾರೂ ಬಯಸದ ರೀತಿಯಲ್ಲಿ ದೊರೆಯಿತು. ಖಜಾಂಚಿಯ ಮಾತಿಗೂ ಉತ್ತರ ದೊರೆಯಿತು: 2021ರಲ್ಲಿ ಯಾತ್ರೆಯಿಲ್ಲದೆ ಹಣ ಕೇಳಿದಾಗ ಕೂಡಿದ್ದು ಹಿಂದಿನದರ ಮೂರನೆಯ ಒಂದು ಭಾಗದಷ್ಟೇ.

2022ರಲ್ಲಿ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ, ನಾಲ್ವರು ಮಾತ್ರ ಹೋದೆವು. ಸುತ್ತಿಗೆ ಒಯ್ಯಲಿಲ್ಲ. ಮಿಸ್ತೆಕೊ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಹೆಣ್ಣುಮಗಳೊಬ್ಬಳನ್ನು ಸ್ಥಳೀಯ ಚರ್ಚ್ ಹುಡುಕಿಕೊಟ್ಟಿತ್ತು. ನಾಲ್ಕು ವರ್ಷದ ಹಿಂದಿನ ಮಾತಿನ ನಿಜವಾದ ಅರ್ಥ ನನಗೆ ತಿಳಿದದ್ದು ಆಗಲೇ. ಮನೆಯ ಯಜಮಾನಿ ಇನ್ನೊಂದನ್ನೂ ಹೇಳಿದರು. 2018ರಲ್ಲಿ ಅಮೆರಿಕನ್ನರು ಬಂದು ಮನೆ ಕಟ್ಟುತ್ತಿದ್ದಾರೆಂಬ ಸುದ್ದಿ ಹರಡಿದಾಗ, ಇವರ ಕೈಯಲ್ಲಿ ಹಣವಿದೆಯೆಂದು ಭಾವಿಸಿ ನಿವೇಶನ ಮಾರಿದವನು ಬಾಕಿ ಕಂತುಗಳನ್ನು ಒಟ್ಟಿಗೆ ಕೊಡುವಂತೆ ಒತ್ತಾಯಿಸಿದ್ದನಂತೆ. ಅದಕ್ಕಾಗಿ ಆರು ತಿಂಗಳು ಅವರು ಸಾಲ ಮಾಡಿದ್ದರು. ಅದನ್ನು ಯಾರಿಗೂ ಹೇಳಿರಲಿಲ್ಲ, ನಮಗೆ ಬೇಸರವಾದೀತೆಂದು. ಹಾಗಾದರೆ ನಾವು ಬಾರದಿದ್ದರೆ ಒಳ್ಳೆಯದಿತ್ತೇ ಎಂದು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, ಹಾಗೇನಿಲ್ಲ, ಆ ಮಕ್ಕಳು ಈಗ ಎಷ್ಟು ಬೆಳೆದಿದ್ದಾರೆ, ಮತ್ತೆ ಬರುತ್ತಾರೆಯೇ ಎಂದು ಕೇಳಿದರು. ಅವರ ಹಿರಿಯ ಮಗ ನಮ್ಮ ತಂಡದ ಇಬ್ಬರು ಹುಡುಗರ ಹೆಸರನ್ನು ಗಿಲಾವಿನ ಒಂದು ಮೂಲೆಯಲ್ಲಿ, ಅದು ಹಸಿಯಾಗಿದ್ದಾಗ ಗೀಚಿಟ್ಟಿದ್ದ. ಮೇಸ್ತ್ರಿ ಪುನಃ ಸಾರಿಸುವಾಗ ಆ ಮೂಲೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದರು. ಈ ಪ್ರಕರಣವನ್ನು ಡಾಲರಿನ ಲೆಕ್ಕದಲ್ಲಿ ಮುಗಿಸಿಬಿಡಲು ನನಗೆ ಸಾಧ್ಯವಾಗದಿರುವುದಕ್ಕೆ ಆ ಮೂಲೆಯೂ ಒಂದು ಕಾರಣ.

ಈಗಿನ ಸ್ಥಿತಿ ಹೀಗಿದೆ. ಕಂತುಗಳು ತೀರಿವೆ. ಇಂಥ ಜಮೀನುಗಳನ್ನು ಸಕ್ರಮಗೊಳಿಸಲು 2016ರಲ್ಲಿ ರೂಪುಗೊಂಡ ಇನ್ಸುಸ್ ಎಂಬ ರಾಷ್ಟ್ರೀಯ ಸಂಸ್ಥೆಯ ಮುಂದೆ ಆ ಬಡಾವಣೆಯ ಹಲವು ಕುಟುಂಬಗಳು ಒಟ್ಟಾಗಿ ಅರ್ಜಿ ಹಾಕಿವೆ. ಅರ್ಜಿಯ ಕಾಗದಗಳಿಗೆ ನೆರವಾಗುವ ವಕೀಲರ ಶುಲ್ಕವನ್ನು ನಮ್ಮ ಚರ್ಚ್ ಈಗ ವರ್ಷಂಪ್ರತಿ ಕಟ್ಟುತ್ತದೆ. ಅದಕ್ಕೆ ಹಣ ಕೂಡಿಸುವುದು ಮನೆಗೆ ಕೂಡಿಸುವುದಕ್ಕಿಂತ ಕಷ್ಟ, ಏಕೆಂದರೆ ತೋರಿಸಲು ಚಿತ್ರವಿರುವುದಿಲ್ಲ. ಟಯರು ಗೋಡೆಯ ಮೇಲಿನ ಎರಡು ಸಾಲುಗಳಲ್ಲಿ ಅಜ್ಜಿ ಪಾಪಾಸುಕಳ್ಳಿ ನೆಟ್ಟಿದ್ದಾರೆ. ಬೇರು ಮಣ್ಣನ್ನು ಹಿಡಿಯುತ್ತದೆ, ಎಳೆಯ ಎಲೆ ಪಲ್ಯಕ್ಕಾಗುತ್ತದೆ. ಹೊರಡುವ ದಿನ ನಾನು ಗೋಡೆಯ ಬುಡದಲ್ಲಿ ಕಾಲುವೆಯ ಇಳಿಜಾರನ್ನು ಅಳೆಯುತ್ತಿದ್ದಾಗ ಅವರು ಪಕ್ಕಕ್ಕೆ ಬಂದು ನಿಂತು, ನಿಮ್ಮೂರಿನಲ್ಲಿ ಬರೆಗೆ ಏನು ಕಟ್ಟುತ್ತೀರಿ ಎಂದು ಕೇಳಿದರು. ಕೆಂಪುಕಲ್ಲು ಎಂದೆ. ಎಷ್ಟು ಅಗಲ, ಹಿಂದೆ ಏನು ತುಂಬುತ್ತೀರಿ, ನೀರು ಎಲ್ಲಿಂದ ಹೊರಗೆ ಬಿಡುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಸಿಮೆಂಟು ಚೀಲದ ಕಾಗದವನ್ನು ಹರಿದು ನೆಲದ ಮೇಲೆ ಹರಡಿ, ಕಲ್ಲಿನ ಸಾಲುಗಳನ್ನೂ ನೀರು ಬಿಡುವ ಕಂಡಿಗಳನ್ನೂ ಬರೆದು ತೋರಿಸಿದೆ. ಮೇಸ್ತ್ರಿಯೂ ಬಂದು ಬಗ್ಗಿ ನೋಡಿದರು. ಎರಡನೆಯ ಸಾಲಿನ ಕಂಡಿ ತೀರ ಮೇಲಿದೆ, ಇನ್ನೂ ಕೆಳಗೆ ಬರಬೇಕು ಎಂದು ಅಜ್ಜಿ ಬೆರಳಿಟ್ಟು ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಅಳಿಸಿ, ಕೆಳಗೆ ಬರೆದೆ.